ಉಪ್ಪು ಹಾಕಿದ ಅಂಟು

ಕೆಳಗಿನ ಬಯಲಿನಿಂದ ಬಂದಿದ್ದ ಪಾದ್ರಿ ಅಯ್ಯರು ನಮ್ಮ ತಗಡು ಚಾವಣಿಯ ಚರ್ಚಿನಲ್ಲಿ ನಿಂತು, ದಿನಕ್ಕೊಂದು ಸಣ್ಣ ಸಂತೋಷ ಹುಡುಕಿಕೊಳ್ಳಿ ಎಂದು ತಮಿಳಿನಲ್ಲಿ ಬೋಧಿಸಿದ ಭಾನುವಾರ, ನಾನು ಬಾಗಿಲ ಪಕ್ಕ ಕೂತು ಹಲ್ಲು ಕಡಿಯುತ್ತಿದ್ದೆ. ಉಣ್ಣುವ ಊಟದಲ್ಲಿ ಹುಡುಕಿ, ಮಕ್ಕಳ ಪುಸ್ತಕದಲ್ಲಿ ಹುಡುಕಿ, ಪ್ರಾರ್ಥನೆಯಲ್ಲಿ ಹುಡುಕಿ ಎಂದರು. ಮೂರೂ ನನ್ನ ಮನೆಯಲ್ಲೇ ಇದ್ದವು. ಮೂರರಿಂದಲೂ ನನ್ನ ತಲೆ ಕೆಟ್ಟು ಹೋಗಿತ್ತು.

ಎರಡು ಸಾವಿರ ಇಸವಿ ದಾಟಿ ಆಗ ನಾಲ್ಕೈದು ವರ್ಷ ಆಗಿತ್ತು. ನಾವಿದ್ದದ್ದು ತಿಗನಾರೆಯಲ್ಲಿ, ತಮಿಳುನಾಡಿಗೆ ಸೇರಿದ ತಾಳವಾಡಿ ಬೆಟ್ಟದ ಮೇಲಿನ ಕನ್ನಡದ ಊರು. ಮನೆಯಲ್ಲಿ ನಾಲ್ಕೇ ಜನ: ನಾನು, ನನ್ನ ಗಂಡ, ಅತ್ತೆ, ಏಳು ವರ್ಷದ ಮಗಳು. ಐದನೆಯದು ಅತ್ತೆಯ ಹಸು. ಅದನ್ನು ಮನೆಯವರ ಸಾಲಿಗೆ ಯಾಕೆ ಸೇರಿಸುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ. ಗಂಡ ಆನೆ, ಹಂದಿ ಕಾಯಲು ಹೊಲದ ಅಟ್ಟಣೆಯಲ್ಲಿ ಮಲಗಿ, ಬೆಳಗಾದ ಮೇಲೆ ಮನೆಗೆ ಬಂದು ಮತ್ತೆ ಮಲಗುವವರು. ಏನು ಹೇಳಿದರೂ "ಆಯ್ತು ಬುಡು" ಎನ್ನುವುದನ್ನು ಬಿಟ್ಟು ಅವರ ಬಾಯಲ್ಲಿ ಬೇರೆ ಮಾತಿರಲಿಲ್ಲ. ಅತ್ತೆಗೆ ಓದು ಬರಹ ಇಲ್ಲ. ಮಾವ ತೀರಿಕೊಂಡ ಮೇಲೆ ಹಸು, ಒಲೆ, ಪ್ರಾರ್ಥನೆ, ಈ ಮೂರರ ಸುತ್ತಲೇ ತಿರುಗುತ್ತಿದ್ದವರು. ನಾನು ಚಾಮರಾಜನಗರದ ಕಡೆಯವಳು, ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವಳು. ಓದಿದ ಸೊಸೆ ಎಂಬ ಒಂದೇ ಕಾರಣಕ್ಕೆ ಭಾನುವಾರದ ಮಕ್ಕಳ ಪಾಠ ನನ್ನ ಕೊರಳಿಗೆ ಬಿದ್ದಿತ್ತು. ಇಪ್ಪತ್ತು ಮಕ್ಕಳು, ಎರಡು ಚಾಪೆ, ನಾನೊಬ್ಬಳು.

ಹಿಂದಿನ ವರ್ಷದ ಕ್ರಿಸ್‌ಮಸ್ಸಿಗೆ ನನ್ನ ಮಗಳು ಸಭೆಯ ಮುಂದೆ ನಿಂತು ಆರು ಸಾಲಿನ ತಮಿಳು ಬೈಬಲ್ ವಚನವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೂ ಹೆಮ್ಮೆಯಾಯಿತು, ಯಾಕೆ ಸುಳ್ಳು ಹೇಳಲಿ. ಅವಳು ಓಡಿ ಬಂದು ನನ್ನ ಮಡಿಲಲ್ಲಿ ಕೂತು, ಕಿವಿಯ ಹತ್ತಿರ ಬಾಯಿ ತಂದು ಕೇಳಿದಳು.

"ಅವ್ವಾ, ಈಗ ನಾ ಏನಂದೆ?"

ಆ ಮಾತು ವರ್ಷವಿಡೀ ನನ್ನನ್ನು ಕೊರೆಯಿತು. ತಮಿಳಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ತಾಳವಾಡಿಯ ಅಂಗಡಿಯಲ್ಲಿ ಸಾಮಾನು ಕೇಳುವುದು ತಮಿಳಿನಲ್ಲಿ, ತಾಲ್ಲೂಕು ಆಫೀಸಿನಲ್ಲಿ ಅರ್ಜಿ ಕೊಡುವುದು ತಮಿಳಿನಲ್ಲಿ, ಸತ್ಯಮಂಗಲದ ಬಸ್ಸಿನಲ್ಲಿ ಸೀಟಿಗೆ ಜಗಳ ಆಡುವುದೂ ತಮಿಳಿನಲ್ಲೇ. ನನ್ನ ಮಗಳಿಗೂ ಅಂಗಡಿಯ ತಮಿಳು ಬರುತ್ತಿತ್ತು. ಆದರೆ ಚರ್ಚಿನ ಪುಸ್ತಕದ ತಮಿಳು ಬೇರೆಯೇ. ಅದು ನಮ್ಮ ಮಕ್ಕಳ ಕಿವಿಯ ಮೇಲೆ ಹಾದು ಹೋಗುತ್ತಿತ್ತು. ಅವರು ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಬರೆಯುವುದು ಕನ್ನಡ, ಕೆಟ್ಟ ಕನಸು ಬಿದ್ದು ಅಳುವುದೂ ಕನ್ನಡದಲ್ಲಿ. ದೇವರ ಹತ್ತಿರ ಮಾತಾಡುವಾಗ ಮಾತ್ರ ಏನಂದೆನೋ ಎಂದು ತಾಯಿಯನ್ನು ಕೇಳಬೇಕಾಗಿತ್ತು.

ಅದಕ್ಕೇ ಆ ಭಾನುವಾರ, ಸಂತೋಷದ ಬೋಧನೆ ಮುಗಿದ ಕೂಡಲೇ ಅಯ್ಯರನ್ನು ತಡೆದು ನಿಲ್ಲಿಸಿ ನನ್ನ ಸಂಕಟ ಹೇಳಿಕೊಂಡೆ. ವರ್ಷಕ್ಕೊಮ್ಮೆ ಭಾನುವಾರದ ಮಕ್ಕಳಿಗೆ ಪರೀಕ್ಷೆ ನಡೆಸುವುದು ಕೆಳಗಿನ ಬಯಲಿನ ಚರ್ಚ್ ಆಫೀಸಿನವರು. ಪುಸ್ತಕ, ಪ್ರಶ್ನೆ ಎಲ್ಲ ತಮಿಳಿನಲ್ಲಿ. ನಮ್ಮ ಮಕ್ಕಳು ಕನ್ನಡದಲ್ಲಿ ಓದಿ ಕನ್ನಡದಲ್ಲಿ ಬರೆಯಲಿ ಎಂದು ಕೇಳಿದೆ. ಅಯ್ಯರು ಒಳ್ಳೆಯವರೇ. ಕನ್ನಡಕ ಒರೆಸಿಕೊಂಡು ಯೋಚಿಸಿದರು. ಕನ್ನಡದಲ್ಲಿ ಪುಸ್ತಕವೇ ಇಲ್ಲವಲ್ಲಮ್ಮ, ಆಫೀಸಿನವರಿಗೆ ಏನೆಂದು ತೋರಿಸಲಿ ಎಂದರು. ನಾನು ಮಾಡುತ್ತೇನೆ ಎಂದುಬಿಟ್ಟೆ. ಹಾಗಾದರೆ ಡಿಸೆಂಬರಿನಲ್ಲಿ ಬರುತ್ತೇನೆ, ಪುಸ್ತಕ ಕೈಯಲ್ಲಿ ಹಿಡಿದು ನೋಡಿದರೆ ಆಫೀಸಿಗೆ ಹೇಳಬಹುದು ಎಂದು ಜೀಪು ಹತ್ತಿದರು.

ಬಾಯಿ ಬಿಟ್ಟು ಒಪ್ಪಿಕೊಂಡ ಮೇಲೆ ಗೊತ್ತಾಯಿತು ಎಂಥ ಕೆಲಸ ಮೈ ಮೇಲೆ ಎಳೆದುಕೊಂಡೆ ಎಂದು. ಆ ವರ್ಷ ಬಂದದ್ದು ಬಣ್ಣದ ಚಿತ್ರಗಳ ತೆಳ್ಳನೆಯ ಕಥೆ ಪುಸ್ತಕ. ಹದಿನಾರು ಪುಟ, ಇಪ್ಪತ್ತು ಪ್ರತಿ. ಪ್ರತಿ ಪುಟದ ಕೆಳಗೆ ತಮಿಳು ಅಕ್ಷರ. ಆ ಅಕ್ಷರದ ಮೇಲೆ ಸರಿಯಾಗಿ ಕೂರುವಷ್ಟು ಕಾಗದದ ಚೀಟಿ ಕತ್ತರಿಸಿ, ಅದರಲ್ಲಿ ಕನ್ನಡ ಬರೆದು ಅಂಟಿಸಬೇಕು. ಎಷ್ಟು ಚೀಟಿ ಎಂದು ಲೆಕ್ಕ ಹಾಕಬೇಡಿ, ನಾನು ಹಾಕಿ ಒಂದು ಸಲ ಅತ್ತಿದ್ದೇನೆ. ತಾಳವಾಡಿಯ ಜೆರಾಕ್ಸ್ ಅಂಗಡಿಗೆ ಹೋದರೆ ಕರೆಂಟು ಇರುವ ದಿನ ಮಿಷನ್ನು ಕೆಟ್ಟಿರುತ್ತಿತ್ತು, ಮಿಷನ್ನು ಸರಿ ಇರುವ ದಿನ ಕರೆಂಟು ಇರುತ್ತಿರಲಿಲ್ಲ. ಎರಡು ಸಲ ಹೋಗಿ ಬಂದು ಕಾರ್ಬನ್ ಹಾಳೆ ಕೊಂಡುಕೊಂಡೆ. ಒಂದು ಸಲಕ್ಕೆ ಮೂರು ಚೀಟಿ. ಮೂರನೆಯದು ಕಣ್ಣಿಗೆ ಕಾಣಬೇಕಾದರೆ ಹೆಬ್ಬೆರಳು ನೋಯುವ ಹಾಗೆ ಒತ್ತಿ ಬರೆಯಬೇಕು.

ನನಗೊಂದು ಅಭ್ಯಾಸ. ಬರೆಯುವುದನ್ನು ಗಟ್ಟಿಯಾಗಿ ಹೇಳಿಕೊಂಡೇ ಬರೆಯುವುದು. ಶಾಲೆಯಲ್ಲಿ ಉಕ್ತಲೇಖನ ಬರೆದು ಬಂದ ಅಭ್ಯಾಸ ಇರಬೇಕು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅಡುಗೆ ಮನೆಯ ಹೊಸ್ತಿಲಲ್ಲಿ ಕೂತು, ಬರೆಯುತ್ತಾ ಹೇಳುತ್ತಾ, ನಡುನಡುವೆ ಪೆನ್ನಿಗೆ, ಕಾರ್ಬನ್ನಿಗೆ, ಆಫೀಸಿನವರಿಗೆ, ನನ್ನ ಹಣೆಬರಹಕ್ಕೆ ಬಯ್ಯುತ್ತಾ ಇರುತ್ತಿದ್ದೆ. ಅತ್ತೆ ಒಲೆಯ ಮುಂದೆ ಅವರೆಕಾಯಿ ಸುಲಿಯುತ್ತಲೋ ರಾಗಿ ಕೇರುತ್ತಲೋ ಮುಖ ಅತ್ತ ತಿರುಗಿಸಿ ಕೂತಿರುತ್ತಿದ್ದರು.

"ಒಲ್ದಲ್ಲಿ ಕಳ ಬೆಳ್ದು ನಿಂತದ, ಇವ್ಳು ಕಾಗ್ದ ಕತ್ರುಸ್ತಾ ಕೂತವ್ಳೆ" ಎಂದು ಹಸುವಿಗೆ ಹೇಳುತ್ತಿದ್ದರು. ನನಗೆ ನೇರವಾಗಿ ಹೇಳುವುದು ಅವರ ಜಾಯಮಾನವಲ್ಲ. ಹಸುವಿಗೆ ಹೇಳಿದರೆ ಅದು ನನಗೆ ತಲುಪುತ್ತದೆ ಎಂದು ಅವರಿಗೆ ಗೊತ್ತಿತ್ತು.

ಆ ಪುಸ್ತಕದಲ್ಲಿ ನನ್ನ ಮಗಳಿಗೆ ಹಿಡಿಸಿದ್ದು ಒಂದೇ ಕಥೆ. ಬರಗಾಲದ ಊರಿನ ವಿಧವೆಯದು. ಅವಳ ಮಡಕೆಯಲ್ಲಿ ಒಂದು ಹಿಡಿ ಹಿಟ್ಟು, ಕುಡಿಕೆಯಲ್ಲಿ ಚೂರು ಎಣ್ಣೆ ಮಾತ್ರ ಉಳಿದಿರುತ್ತದೆ. ದೇವರ ಮನುಷ್ಯನೊಬ್ಬ ಬಂದು ಮೊದಲು ನನಗೊಂದು ಸಣ್ಣ ರೊಟ್ಟಿ ಸುಟ್ಟು ಕೊಡು ಎನ್ನುತ್ತಾನೆ. ಕೊಟ್ಟ ಮೇಲೆ ಹಿಟ್ಟು ತೀರುವುದೇ ಇಲ್ಲ. ಪುಸ್ತಕದ ಚಿತ್ರದಲ್ಲಿ ಆ ತಾಯಿಗೆ ಹೊಂಬಣ್ಣದ ಕೂದಲು, ಕೈಯಲ್ಲಿ ಬೇಕರಿಯ ಬನ್ನಿನಂಥ ಗುಂಡು ರೊಟ್ಟಿ. ಮಕ್ಕಳೆಲ್ಲ ಅದನ್ನು ಬನ್ನು ಎಂದೇ ತಿಳಿದಿದ್ದರು. ಬರದಲ್ಲಿ ಬನ್ನು ಎಲ್ಲಿ ಸಿಕ್ಕಿತು ಎಂದು ಒಬ್ಬಳು ಕೇಳಿಯೂ ಕೇಳಿದಳು. ಅತ್ತೆಗೋ ಆ ದೇವರ ಮನುಷ್ಯನ ಮೇಲೇ ಕೋಪ. "ಒಂದಿಡಿ ಇಟ್ಟಿರೋರ ಮನೇಲಿ ಮೊದ್ಲು ನಂಗಿಕ್ಕು ಅಂತಾನಲ್ಲ, ಯಾವ ಸೀಮೆ ನೆಂಟ ಕಣವ್ವ ಇವ್ನು" ಎಂದು ಹಸುವಿಗೆ ಹೇಳಿದರು. ಕಥೆಯನ್ನು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಆಗಲೇ ನನಗೆ ಹೊಳೆಯಬೇಕಾಗಿತ್ತು.

ಚೀಟಿಯಾಯಿತು. ಇನ್ನು ಅಂಟು. ಸಿನಿಮಾ ಪೋಸ್ಟರು ಅಂಟಿಸುವವರು ಮೈದಾ ಕಾಯಿಸಿ ಅದಕ್ಕೆ ಮೈಲುತುತ್ತ ಬೆರೆಸುತ್ತಾರೆ, ಹುಳ ಬೀಳದಿರಲಿ ಎಂದು. ಮೈಲುತುತ್ತ ವಿಷ. ನಮ್ಮ ಮಕ್ಕಳು ಎಂಜಲು ಹಚ್ಚಿ ಪುಟ ತಿರುವುವವರು. ಅದಕ್ಕೇ ನಾನು ರಾಗಿ ಹಿಟ್ಟನ್ನು ನೀರಲ್ಲಿ ಕದಡಿ, ತೆಳ್ಳಗೆ ಕಾಯಿಸಿ, ಅದನ್ನೇ ಅಂಟು ಮಾಡಿಕೊಂಡೆ. ಕಂದು ಬಣ್ಣದ ಅಂಚು ಕಾಣುತ್ತಿತ್ತು, ಆದರೂ ಹಿಡಿಯುತ್ತಿತ್ತು. ಅತ್ತೆಗೆ ಇದು ಸಹಿಸಲಾಗಲಿಲ್ಲ. ಮೂರು ತಿಂಗಳಲ್ಲಿ ಮೊದಲ ಸಲ ಹಸುವನ್ನು ಬಿಟ್ಟು ನೇರವಾಗಿ ನನ್ನ ಮುಖಕ್ಕೇ ಹೇಳಿದರು.

"ಉಣ್ಣೋ ಇಟ್ಟ ಕಾಗ್ದಕ್ಕೆ ಬಳೀತೀಯಲ್ಲ, ದೇವ್ರು ಮೆಚ್ಚಾನ?"

"ದೇವರ ಪುಸ್ತಕಕ್ಕೇ ಬಳಿಯೋದು ಅತ್ತೆ" ಎಂದೆ.

"ದೇವ್ರು ಪುಸ್ತ್ಕ ತಿಂದನ? ಇಟ್ಟು ಮುಟ್ಬ್ಯಾಡ ಇನ್ಮೇಲೆ" ಎಂದು ಹಿಟ್ಟಿನ ಮಡಕೆಯ ಮೇಲೆ ಒರಳುಗುಂಡನ್ನೇ ಹೇರಿ ಇಟ್ಟರು.

ಅದು ಡಿಸೆಂಬರಿನ ಒಂದು ಶುಕ್ರವಾರ. ದೀಪಾವಳಿ ಮುಗಿದು, ಪಕ್ಕದ ಗುಮಟಾಪುರದವರು ಗೊರೆ ಹಬ್ಬದಲ್ಲಿ ಸಗಣಿ ಎರಚಾಡಿ ಮೈ ತೊಳೆದುಕೊಂಡು ತಿಂಗಳು ಕಳೆದಿತ್ತು. ಬೆಳಗಿನ ಇಬ್ಬನಿಗೆ ಪುಸ್ತಕಗಳೆಲ್ಲ ತೇವ ಹಿಡಿದು, ಅಂಟಿಸಿದ್ದ ಚೀಟಿಗಳು ಒಂದೊಂದಾಗಿ ಮೂಲೆ ಎತ್ತುತ್ತಿದ್ದವು. ಅಯ್ಯರು ಬರುವುದು ಅದರ ಮುಂದಿನ ವಾರ. ಇಪ್ಪತ್ತು ಪುಸ್ತಕಕ್ಕೂ ಮತ್ತೊಂದು ಸಲ ಅಂಟು ಬಳಿಯಬೇಕು, ಹಿಟ್ಟಿನ ಮಡಕೆಯ ಮೇಲೆ ಒರಳುಗುಂಡು ಕೂತಿದೆ. ಗಂಡನನ್ನು ಎಬ್ಬಿಸಿ ಹೇಳಿದೆ. "ಆಯ್ತು ಬುಡು" ಎಂದು ಮಗ್ಗುಲು ಬದಲಿಸಿದರು. ಏನು ಆಯ್ತು, ಯಾವುದನ್ನು ಬಿಡಬೇಕು ಎಂದು ಹದಿಮೂರು ವರ್ಷದಿಂದ ನನಗೆ ತಿಳಿದಿರಲಿಲ್ಲ.

ಅಂದು ರಾತ್ರಿ ಅತ್ತೆ ಮಲಗಿದ ಮೇಲೆ ನೋಡಿದರೆ, ಒಲೆಯ ಪಕ್ಕ ಒಂದು ಗಡಿಗೆ ಇತ್ತು. ಮರುದಿನ ಬೆಳಗಿನ ಊಟಕ್ಕೆಂದು ಅತ್ತೆ ಮಾಡಿಟ್ಟಿದ್ದ ಅಂಬಲಿ. ಮಜ್ಜಿಗೆ, ಉಪ್ಪು ಎಲ್ಲ ಹಾಕಿ ಹದವಾಗಿ ಆರಿಸಿಟ್ಟದ್ದು. ಹಿಟ್ಟು ತಾನೇ ಮುಟ್ಟಬಾರದು, ಅಂಬಲಿ ಮುಟ್ಟಬಾರದು ಎಂದು ಹೇಳಿಲ್ಲವಲ್ಲ ಎಂಬ ಹಟ ಹುಟ್ಟಿತು. ಗಡಿಗೆ ಬರಿದಾಗುವವರೆಗೂ ತೋಡಿ ತೋಡಿ, ಇಪ್ಪತ್ತೂ ಪುಸ್ತಕಕ್ಕೆ ಬಳಿದೆ. ಬಳಿಯುವಾಗ ನಾಲಿಗೆಯ ತುದಿಗೆ ತಾಗಿದ ಉಪ್ಪು ರುಚಿ ಇನ್ನೂ ನೆನಪಿದೆ. ಅಂದು ಅದರಲ್ಲಿ ನನಗೆ ಒಂದು ಬಗೆಯ ಸಂತೋಷವೇ ಆಯಿತು. ಅಯ್ಯರು ಹುಡುಕಲು ಹೇಳಿದ ಸಂತೋಷ ಇದಲ್ಲ ಎಂದು ಗೊತ್ತಿದ್ದೂ ಆಯಿತು.

ಮರುದಿನ ಶನಿವಾರ, ಬಿಸಿಲು ಏರಿದ ಮೇಲೆ ಅಂಗಳದಲ್ಲಿ ಚಾಪೆ ಹಾಸಿ, ಪುಸ್ತಕಗಳನ್ನು ಬಿಚ್ಚಿ ಸಾಲಾಗಿ ಒಣಗಲು ಇಟ್ಟು ನೀರಿಗೆ ಹೋದೆ. ಅತ್ತೆ ಕೊಟ್ಟಿಗೆ ಗುಡಿಸಲು ಹಸುವನ್ನು ಹಗ್ಗ ಬಿಚ್ಚಿ ಆಚೆ ಬಿಟ್ಟಿದ್ದರು. ನಾನು ಕೊಡ ಹೊತ್ತು ಬರುವ ಹೊತ್ತಿಗೆ ಆ ಹಸು ಚಾಪೆಯ ಮೇಲೆ ನಿಂತು, ಕಣ್ಣು ಅರೆ ಮುಚ್ಚಿ, ಹನ್ನೆರಡನೆಯದೋ ಹದಿಮೂರನೆಯದೋ ಪುಸ್ತಕವನ್ನು ನಿಧಾನವಾಗಿ ಅಗಿಯುತ್ತಿತ್ತು. ಉಳಿದವುಗಳನ್ನು ನೆಕ್ಕಿ ನೆಕ್ಕಿ ಮುದ್ದೆ ಮಾಡಿತ್ತು. ತಾಳವಾಡಿ ಬಸ್ ಸ್ಟ್ಯಾಂಡಿನ ಗೋಡೆಯಲ್ಲಿ ದನಗಳು ಪೋಸ್ಟರು ಕಿತ್ತು ತಿನ್ನುವುದನ್ನು ಕಣ್ಣಾರೆ ನೂರು ಸಲ ನೋಡಿದವಳು ನಾನು. ಬರೀ ಮೈದಾಕ್ಕೇ ಹಾಗೆ ಬಾಯಿ ಹಾಕುವ ಜಾತಿಗೆ ನಾನು ರಾಗಿ, ಮಜ್ಜಿಗೆ, ಉಪ್ಪು ಬೆರೆಸಿ, ಚಾಪೆ ಹಾಸಿ ಬಡಿಸಿಟ್ಟು ಹೋಗಿದ್ದೆ.

ಕೊಡ ಎಲ್ಲಿ ಬಿತ್ತೋ ಗೊತ್ತಿಲ್ಲ. ಕಿರುಚಿದೆ. ಹಸುವಿಗೆ ಬಯ್ದೆ, ಅತ್ತೆಗೆ ಬಯ್ದೆ, ಕಟ್ಟದೆ ಬಿಟ್ಟವರ ಕೈ ಸೇದಿ ಹೋಗಲಿ ಎಂದೆ. ಅತ್ತೆ ಪೊರಕೆ ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ಬಂದು ಹಸುವಿನ ಬಾಯಿಂದ ಅರ್ಧ ರಟ್ಟು ಎಳೆದು, ಸೆರಗಿನಲ್ಲಿ ಒರೆಸಿ ನನ್ನ ಮುಂದೆ ಇಟ್ಟು ಒಳಗೆ ಹೋದರು. ಮಗಳು ಚಾಪೆಯ ಮೇಲೆ ಕೂತು ವಿಧವೆಯ ಕಥೆಯ ಪುಟ ಹುಡುಕಿ ಹುಡುಕಿ ಅತ್ತಳು. ಆ ಪುಟವೂ ಹಸುವಿನ ಹೊಟ್ಟೆ ಸೇರಿತ್ತು.

ಆ ವಾರವೆಲ್ಲ ನಾನು ಅತ್ತೆಯ ಜೊತೆ ಮಾತಾಡಲಿಲ್ಲ. ದೇವರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಮೂರು ತಿಂಗಳು ಬೆರಳು ಮುರಿದುಕೊಂಡದ್ದು ನಿನ್ನ ಮಕ್ಕಳಿಗಾಗಿ ತಾನೇ, ಒಂದು ಹಸುವಿನ ಬಾಯಿ ಕಟ್ಟಲು ನಿನಗಾಗಲಿಲ್ಲವೇ ಎಂದು ಕೇಳಿದೆ. ಉಪ್ಪಿನ ವಿಷಯವನ್ನು ಮಾತ್ರ ದೇವರಿಗೂ ಹೇಳಲಿಲ್ಲ. ಮತ್ತೆ ಬರೆಯಲು ಕೂತರೆ, ಹರಿದ ತುಂಡುಗಳನ್ನು ನೋಡಿದ ಕೂಡಲೇ ಕೈ ಓಡುತ್ತಿರಲಿಲ್ಲ. ಬರೆದದ್ದರಲ್ಲಿ ಒಂದು ಸಾಲೂ ನನಗೆ ನೆನಪಿರಲಿಲ್ಲ.

ಅಯ್ಯರು ಹೇಳಿದ ದಿನವೇ ಬಂದರು. ಮಕ್ಕಳನ್ನು ಕೂರಿಸಿ ತಮಿಳಿನಲ್ಲಿ ನಾಲ್ಕು ಪ್ರಶ್ನೆ ಕೇಳಿದರು. ಇಪ್ಪತ್ತು ಮಕ್ಕಳೂ ಚಾಪೆಯ ದಾರ ಕೀಳುತ್ತಾ ತಲೆ ತಗ್ಗಿಸಿದರು. ನನ್ನ ಕಡೆ ತಿರುಗಿ, "ಪುಸ್ತಗಂ ಎಂಗಮ್ಮಾ?" ಎಂದು ಪುಸ್ತಕ ಎಲ್ಲಿ ಎಂದು ಕೇಳಿದರು. ಹಸು ತಿಂದಿತು ಎಂದೆ. ಅವರ ತುಟಿಯ ಅಂಚು ಅಲುಗಿತು. ಪಾಠ ಬರೆಯದ ಮಕ್ಕಳು ಹೇಳುವ ನೆಪ ಅವರು ಎಷ್ಟು ಕೇಳಿರಬೇಡ. ಹಲ್ಲಿನ ಗುರುತು ಬಿದ್ದ ರಟ್ಟನ್ನು ಕೈಗೆ ಕೊಟ್ಟೆ. ತಿರುಗಿಸಿ ನೋಡಿ, ಸರಿ ಸರಿ, ಈ ವರ್ಷಕ್ಕೆ ತಮಿಳಲ್ಲೇ ಬರೆಯಲಿ ಬಿಡು ಎಂದು ಮೆತ್ತಗೆ ಹೇಳಿದರು. ಅವರು ಗದರಿದ್ದರೆ ನನಗೆ ಜಗಳ ಆಡಲಾದರೂ ಆಗುತ್ತಿತ್ತು.

ಬಂದ ಅಯ್ಯರಿಗೆ ಸಭೆಯ ಮನೆಗಳವರು ಸರದಿಯಲ್ಲಿ ಊಟ ಹಾಕುವುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ಅಂದು ನಮ್ಮ ಮನೆಯ ಸರದಿ. ಅತ್ತೆ ಹಿತಕಿದ ಅವರೆಬೇಳೆ ಸಾರು ಕಾಯಿಸಿ, ಮುದ್ದೆ ಕಟ್ಟಿದ್ದರು. ಬಯಲಿನ ಅಯ್ಯರು ಮುದ್ದೆಯನ್ನು ಜಗಿದು ಜಗಿದು ಉಣ್ಣುತ್ತಿದ್ದರು. ಗಂಡ ಪಕ್ಕದಲ್ಲಿ ಕೂತು ನುಂಗುತ್ತಿದ್ದರು. ನಾನು ಗೋಡೆಗೆ ಒರಗಿ ನಿಂತಿದ್ದೆ, ಮಗಳು ನನ್ನ ಸೀರೆ ಹಿಡಿದಿದ್ದಳು. ಸಾರು ಬಡಿಸಲು ಬಂದ ಅತ್ತೆ ಸೌಟು ಹಿಡಿದುಕೊಂಡೇ ಅಯ್ಯರ ಮುಂದೆ ನಿಂತರು.

"ಅಯ್ಯಾ, ಪುಸ್ತ್ಕ ತಿಂದದ್ದು ನಮ್ಮಸ. ಕಟ್ದೆ ಬುಟ್ಟಿದ್ದು ನಾನು. ತಪ್ಪು ನಂದು. ನನ್ ಸೊಸೆ ಮೂರು ತಿಂಗ್ಳು ಬರ್ದವ್ಳೆ. ಏನ್ ಬರ್ದವ್ಳೆ ಅಂತ ಬೇಕಾರ ನಾ ಏಳ್ತೀನಿ ಕೇಳು."

ಅಯ್ಯರು ಅರ್ಥವಾಗದೆ ತಲೆ ಎತ್ತಿದರು. ನನ್ನ ಗಂಡನೂ ತುತ್ತು ಹಿಡಿದು ತಲೆ ಎತ್ತಿದರು. ಅತ್ತೆ ಸೌಟನ್ನು ಸಾರಿನ ಪಾತ್ರೆಗೆ ಹಾಕಿ, ತಲೆಗೆ ಸೆರಗು ಹೊದ್ದು, ಪ್ರಾರ್ಥನೆಗೆ ಕೂರುವ ಹಾಗೆ ಕೂತು ಶುರು ಮಾಡಿದರು.

"ಒಂದು ಊರಿನಲ್ಲಿ ಮಳೆ ಇಲ್ಲದೆ ಬರ ಬಂದಿತ್ತು. ಅಲ್ಲಿ ಒಬ್ಬ ವಿಧವೆ ಇದ್ದಳು. ಅವಳ ಮಡಕೆಯಲ್ಲಿ ಒಂದು ಇಡಿ ಇಟ್ಟು ಮಾತ್ರ ಉಳಿದಿತ್ತು."

ಅದು ನನ್ನ ಚೀಟಿ. ನಾನು ಬರೆದ ಪುಸ್ತಕದ ಕನ್ನಡವೇ. ಹಕಾರಗಳು ಅವರ ಬಾಯಲ್ಲಿ ಬಿದ್ದು ಹೋಗಿದ್ದವು, ಬೇರೆ ಒಂದು ಮಾತೂ ಆಚೀಚೆ ಆಗಿರಲಿಲ್ಲ. ಹೊಸ್ತಿಲಲ್ಲಿ ಕೂತು ನಾನು ಒಂದೊಂದು ಸಾಲನ್ನೂ ಏಳೆಂಟು ಸಲ ಹೇಳಿ ಹೇಳಿ ಬರೆದದ್ದು, ಒಲೆಯ ಮುಂದೆ ಮುಖ ತಿರುಗಿಸಿ ಕೂತವರ ಕಿವಿಯಲ್ಲಿ ಹಾಗೇ ಉಳಿದಿತ್ತು.

"ದೇವರ ಮನುಷ್ಯ ಬಂದು, ತಾಯೇ, ಮೊದಲು ನನಗೊಂದು ಸಣ್ಣ ರೊಟ್ಟಿ ಸುಟ್ಟು ಕೊಡು ಎಂದನು. ಥೂ ಈ ಕಾರ್ಬನ್ನು ಮತ್ತೆ ಸುಕ್ಕಾಯಿತಲ್ಲ. ಆಗ ಆ ತಾಯಿ ಮಡಕೆಯನ್ನು ನೋಡಿ ಅತ್ತಳು. ಈ ಮನೆಯಲ್ಲಿ ನನ್ನ ಕಷ್ಟ ಯಾರಿಗೂ ಬೇಡ ಎಂದಳು."

ಗಂಡನಿಗೆ ನಗು ಬಂದು ತುತ್ತು ಗಂಟಲಿಗೆ ಸಿಕ್ಕಿತು. ನನಗೆ ನಗು ಬರಲಿಲ್ಲ. ಕಾರ್ಬನ್ನಿಗೆ ಬಯ್ದದ್ದು ನಾನು. ಈ ಮನೆಯಲ್ಲಿ ನನ್ನ ಕಷ್ಟ ಯಾರಿಗೂ ಬೇಡ ಎಂದದ್ದು ಆ ವಿಧವೆಯಲ್ಲ, ನಾನು. ಕಥೆಯ ಜೊತೆ ಅದನ್ನೂ ಮಧ್ಯಾಹ್ನ ಮಧ್ಯಾಹ್ನ ಗೊಣಗಿದ್ದೆ, ಯಾರೂ ಕೇಳುತ್ತಿಲ್ಲ ಎಂದುಕೊಂಡು. ಅತ್ತೆ ಅದನ್ನೂ ಬಿಡದೆ, ಅಷ್ಟೇ ಭಕ್ತಿಯಿಂದ, ಕಣ್ಣು ಮುಚ್ಚಿಕೊಂಡು ಒಪ್ಪಿಸುತ್ತಿದ್ದರು. ನಾಚಿಕೆಯಿಂದ ನನಗೆ ಎಲ್ಲಿ ನೋಡುವುದೋ ತಿಳಿಯಲಿಲ್ಲ.

ಅಯ್ಯರು ಕೈ ತೊಳೆಯುವುದನ್ನೂ ಮರೆತು ಕೂತಿದ್ದರು. "ಎನ್ನ ಸೊಲ್ರಾಂಗ?" ಎಂದು ಏನು ಹೇಳುತ್ತಿದ್ದಾರೆ ಎಂದು ನನ್ನನ್ನು ಕೇಳಿದರು. ಅಷ್ಟರಲ್ಲಿ ಸೀರೆ ಹಿಡಿದಿದ್ದ ಕೈ ಬಿಟ್ಟು ಮಗಳು ಮುಂದೆ ಹೋದಳು. ಬೆಳಗ್ಗೆ ಚರ್ಚಿನಲ್ಲಿ ಅಯ್ಯರ ಪ್ರಶ್ನೆಗೆ ಬಾಯಿ ಬಿಡದಿದ್ದ ಹುಡುಗಿ, ಅಜ್ಜಿಯ ಒಂದೊಂದು ಮಾತನ್ನೂ ತನ್ನ ಅಂಗಡಿ ತಮಿಳಿನಲ್ಲಿ, ಕೈ ಆಡಿಸಿ, ಹಿಟ್ಟು ಇಷ್ಟೇ ಇತ್ತು ಎಂದು ಅಂಗೈ ಮಡಚಿ ತೋರಿಸಿ, ಅಯ್ಯರಿಗೆ ತಿಳಿಸಿ ಹೇಳಿದಳು. ಅದು ಬನ್ನು ಅಲ್ಲ ಎಂದೂ ಸೇರಿಸಿದಳು. ಕಾರ್ಬನ್ನಿನ ಮಾತನ್ನು ಮಾತ್ರ ಅವಳೇ ಬಿಟ್ಟಳು.

ಅಯ್ಯರು ಅವಳ ತಲೆಯ ಮೇಲೆ ಎಡಗೈ ಇಟ್ಟರು. ಆಫೀಸಿಗೆ ಬರೆಯುತ್ತೀರಾ ಎಂದು ನಾನು ಕೇಳಿಯೇ ಕೇಳಿದೆ. "ಪಾರ್ಕಲಾಂ" ಎಂದರು. ನೋಡೋಣ ಎಂದರ್ಥ. ಆ ಪಾರ್ಕಲಾಂ ಅನ್ನು ನಾನು ತಾಲ್ಲೂಕು ಆಫೀಸಿನಲ್ಲಿ, ಜೆರಾಕ್ಸ್ ಅಂಗಡಿಯಲ್ಲಿ, ರೇಷನ್ ಅಂಗಡಿಯಲ್ಲಿ ಕೇಳಿ ಕೇಳಿ ಸಾಕಾಗಿದ್ದೆ. ಈಗ ಮುದ್ದೆಯ ತಟ್ಟೆಯ ಮುಂದೆಯೂ ಕೇಳಿದೆ. ಆ ವರ್ಷ ಪರೀಕ್ಷೆ ತಮಿಳಿನಲ್ಲೇ ನಡೆಯಿತು. ಹನ್ನೊಂದು ಮಕ್ಕಳು ನಪಾಸಾದರು. ನನ್ನ ಮಗಳೂ ಅವರಲ್ಲಿ ಒಬ್ಬಳು. ಆಫೀಸಿನಿಂದ ಅಂದೂ ಕಾಗದ ಬರಲಿಲ್ಲ, ಆಮೇಲೂ ಬರಲಿಲ್ಲ. ಈಗಲೂ ಅದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಹೋಗಲಿ ಎಂದು ನಾನು ಪ್ರಾರ್ಥನೆ ಮಾಡಿಲ್ಲ, ಅದು ನ್ಯಾಯವಾದ ಸಿಟ್ಟು.

ಅಯ್ಯರ ಜೀಪು ಹೋದ ಮೇಲೆ ಪಾತ್ರೆ ತೊಳೆಯುತ್ತಾ ಅತ್ತೆಯ ಪಕ್ಕ ಕೂತೆ. ಎರಡು ತಟ್ಟೆ ತೊಳೆದಿಟ್ಟು ಬಾಯಿ ಬಿಟ್ಟೆ.

"ಅತ್ತೆ, ಅಂಬಲಿ ಬಳಿದದ್ದು ನಾನು. ಉಪ್ಪಿನ ರುಚಿಗೆ ಹಸು ಬಂದದ್ದು."

ಅವರು ಬೂದಿ ಹಾಕಿ ತಟ್ಟೆ ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣೆ. ಬೆಳಗ್ಗೆ ಎದ್ದು ನೋಡಿದ್ರ ಗಡಿಗ ಬರಿದಾಗಿತ್ತು. ಅಂಬ್ಲಿ ಇಲ್ದೆ ನಾ ಉಪಾಸ ಇದ್ದದ್ದು ನಿಂಗೆ ಕಾಣ್ನಿಲ್ವಾ?"

ಕಂಡಿರಲಿಲ್ಲ. ಅಂದು ನನ್ನ ಕಷ್ಟ ಯಾರಿಗೂ ಬೇಡ ಎಂದು ಗೊಣಗುವುದರಲ್ಲಿ ಅವರ ಖಾಲಿ ಹೊಟ್ಟೆ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ನಾನು ಅಳಲು ಶುರು ಮಾಡಿದೆ. ಅತ್ತೆಗೆ ಅಳುವವರನ್ನು ಕಂಡರೆ ಆಗದು.

"ಸಾಕು ಸುಮ್ಕಿರು. ಪೆನ್ನು ತಕ್ಕಬಾ. ನಾ ಏಳ್ತೀನಿ, ನೀ ಬರ್ಕೋ" ಎಂದರು.

ಮರುದಿನದಿಂದ ಹೊಸ್ತಿಲಲ್ಲಿ ಮತ್ತೆ ಕೂತೆ. ಈ ಸಲ ಹೇಳುವವರು ಅತ್ತೆ, ಬರೆಯುವವಳು ನಾನು. ಉಳಿದಿದ್ದು ಶಾಲೆಯ ಹಳೆಯ ನೋಟ್‌ಬುಕ್ಕು, ಚಿತ್ರಗಳಿಲ್ಲ. ಮಕ್ಕಳೇ ಬರೆಯಲಿ ಎಂದು ಮೇಲೆ ಜಾಗ ಬಿಟ್ಟೆ. ನನ್ನ ಮಗಳು ವಿಧವೆಗೆ ಅಜ್ಜಿಯ ಹಾಗೆ ಬಿಳಿ ಕೂದಲು ಬರೆದು, ಕೈಗೆ ಮುದ್ದೆ ಕೊಟ್ಟಳು. ರಟ್ಟು ಹಚ್ಚಲು ಅಂಟು ಬೇಕಾದಾಗ ಅತ್ತೆ ತಾವೇ ಒರಳುಗುಂಡು ಇಳಿಸಿ, ಮಡಕೆಯಿಂದ ಒಂದು ಹಿಡಿ ಹಿಟ್ಟು ತೆಗೆದು ಕೊಟ್ಟರು. ಉಪ್ಪು ಹಾಕಬೇಡ ಎಂದು ನೆನಪಿಸುವುದನ್ನು ಮರೆಯಲಿಲ್ಲ. ಕಾರ್ಬನ್ನಿನ ಸಾಲು ಬಂದಾಗ ಅದು ನಾನು ಬಯ್ದದ್ದು ಎಂದು ಹೇಳಿ ಬಿಡಿಸಿದೆ. ಇನ್ನೊಂದು ಸಾಲನ್ನೂ ಬಿಡಲು ಹೊರಟಾಗ ಮಾತ್ರ ಅವರು ನನ್ನ ಕೈ ಹಿಡಿದರು.

"ಅದು ಕಥೆಯಲ್ಲಿಲ್ಲ ಅತ್ತೆ, ಅದು ನನ್ನ ಮಾತು."

"ಇರ್ಲಿ ಬುಡು. ಮಡಕ ಬರಿದಾದಾಗ ಆ ತಾಯೀನೂ ಅಂದೇ ಅಂದಿರ್ತಾಳೆ."

ಆ ವರ್ಷದ ಕ್ರಿಸ್‌ಮಸ್ಸಿಗೆ ಸಭೆಯ ಹಿರಿಯರು ಮಕ್ಕಳು ಯಾವ ಭಾಷೆಯಲ್ಲಿ ಬೇಕಾದರೂ ಹೇಳಲಿ ಎಂದರು. ಅದು ಪರೀಕ್ಷೆಯಲ್ಲವಲ್ಲ. ನನ್ನ ಮಗಳು ಎಣ್ಣೆ ಹಚ್ಚಿ ಬಾಚಿದ ತಲೆಯಲ್ಲಿ, ಹೊಸ ಲಂಗದಲ್ಲಿ, ಹೋದ ವರ್ಷ ನಿಂತ ಜಾಗದಲ್ಲೇ ನಿಂತು ವಿಧವೆಯ ಕಥೆ ಹೇಳಿದಳು. ಪುಸ್ತಕದ ಕನ್ನಡದಲ್ಲಿ ಶುರು ಮಾಡಿ ಅರ್ಧಕ್ಕೇ ಅಜ್ಜಿಯ ಕನ್ನಡಕ್ಕೆ ಇಳಿದಳು. ಎರಡು ಕಡೆ ತಪ್ಪಿದಳು. ಈ ಮನೇಲಿ ನನ್ ಕಷ್ಟ ಯಾರ್ಗೂ ಬ್ಯಾಡ ಎಂಬಲ್ಲಿಗೆ ಬಂದಾಗ ಹೆಂಗಸರ ಸಾಲಿನಲ್ಲಿ ನಾಲ್ಕಾರು ತಲೆಗಳು ಹೌದು ಹೌದು ಎಂದು ಆಡಿದವು. ಅತ್ತೆ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಿದ್ದ ಕಜ್ಜಾಯವನ್ನು ಬಿಚ್ಚಿ ಮುರಿದು, ಅರ್ಧವನ್ನು ನನ್ನ ಕೈಗೆ ತುರುಕಿದರು, ನನ್ನ ಮುಖ ನೋಡದೆ.

ಕ್ಷಮಿಸಿ ಎಂಬ ಮಾತು ಗಂಟಲಿನವರೆಗೂ ಬಂತು, ಕಜ್ಜಾಯದ ಜೊತೆ ಒಳಗೆ ಹೋಯಿತು. ಮಗಳು ಓಡಿ ಬಂದು ಮಡಿಲಲ್ಲಿ ಕೂತಳು. ಈ ಸಲ ಅವಳು ಏನೂ ಕೇಳಲಿಲ್ಲ. ಅದಕ್ಕೇ ನಾನು ಬಗ್ಗಿ, ಅವಳ ಕಿವಿಯ ಹತ್ತಿರ ಬಾಯಿ ತಂದು ಕೇಳಿದೆ.

"ಈಗ ನೀ ಏನಂದೆ ಮಗಾ?"

ಇಷ್ಟೂ ತಿಳಿಯಲಿಲ್ಲವೇ ಎಂಬಂತೆ ನನ್ನನ್ನು ನೋಡಿ, ನನ್ನ ಕೈಯ ಅರ್ಧ ಕಜ್ಜಾಯದಲ್ಲಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು.

"ಇಟ್ಟು ತೀರ್ನಿಲ್ಲ ಅಂದೆ ಕಣವ್ವ."